ಹಾಲೂಡುವವಳ ಊಟ, ನೀರು, ನಿದ್ದೆ

ಹೆರಿಗೆಯಾದ ಎರಡನೆಯ ಅಥವಾ ಮೂರನೆಯ ರಾತ್ರಿ, ಊರು ಯಾವುದೇ ಇರಲಿ, ಆಸ್ಪತ್ರೆ ಯಾವುದೇ ಇರಲಿ, ಒಂದು ಮಾತು ತಪ್ಪದೆ ಕೇಳಿಬರುತ್ತದೆ: 'ಇವಳಿಗೆ ಹಾಲೇ ಇಳಿದಿಲ್ಲ.' ಕೂಸು ಅರ್ಧ ಗಂಟೆಗೊಮ್ಮೆ ಎದ್ದು ಅಳುತ್ತಿರುತ್ತದೆ. ಎದೆಗೆ ಹಾಕಿದರೆ ನಾಲ್ಕು ಸಲ ಚೀಪಿ ಬಿಡುತ್ತದೆ, ಮತ್ತೆ ಅಳುತ್ತದೆ. ಹೊಲಿಗೆ ನೋವಿಗೆ ಮಗ್ಗುಲು ಬದಲಿಸಲಾಗದ ಬಾಣಂತಿ, ತಲೆದಿಂಬಿನ ಬಳಿ ಅವಳ ಅಮ್ಮ, ಬಾಗಿಲಲ್ಲಿ ಅತ್ತೆ, ಹೊರಗೆ ಕಾರಿಡಾರಿನಲ್ಲಿ ಏನು ಮಾಡಬೇಕೆಂದು ತೋಚದ ಗಂಡ. ಯಾರೋ ಒಬ್ಬರು 'ಪಾಪ, ಹೊಟ್ಟೆ ಹಸಿದಿದೆ ಅದಕ್ಕೆ' ಅನ್ನುತ್ತಾರೆ. ಗಂಡ ಮೆಡಿಕಲ್ ಸ್ಟೋರಿಗೆ ಓಡುತ್ತಾನೆ. ಬೆಳಗಾಗುವಷ್ಟರಲ್ಲಿ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಪುಡಿಹಾಲಿನ ಡಬ್ಬಿ ಬಂದು ಕೂತಿರುತ್ತದೆ.

ಆ ರಾತ್ರಿ ಅಲ್ಲಿದ್ದವರೆಲ್ಲ ಕೂಸಿನ ಮೇಲಿನ ಅಕ್ಕರೆಯಿಂದಲೇ ನಡೆದುಕೊಂಡಿರುತ್ತಾರೆ. ಆದರೆ ಆ ಹೊತ್ತಿನಲ್ಲಿ ಬಾಣಂತಿಯ ಮೈಯಲ್ಲಿ ಏನು ನಡೆಯುತ್ತಿದೆ ಎಂದು ಯಾರಾದರೂ ಮೊದಲೇ ಕೂತು ಹೇಳಿದ್ದರೆ, ಹೆಚ್ಚಿನ ಮನೆಗಳಲ್ಲಿ ಆ ಡಬ್ಬಿಯ ಅಗತ್ಯವೇ ಬೀಳುತ್ತಿರಲಿಲ್ಲ. ತಾಯಿ ಕಾರ್ಡು ಹಿಡಿದು ತಿಂಗಳುಗಟ್ಟಲೆ ತಪಾಸಣೆಗೆ ಓಡಾಡಿದವಳಿಗೆ ತನ್ನ ಹಿಮೋಗ್ಲೋಬಿನ್ ಎಷ್ಟು, ಬಿ.ಪಿ. ಎಷ್ಟು, ಹೊಟ್ಟೆಯೊಳಗಿನ ಮಗುವಿನ ತೂಕ ಎಷ್ಟು ಎಂಬುದೆಲ್ಲ ಬಾಯಿಪಾಠವಾಗಿರುತ್ತದೆ. ಎದೆಹಾಲು ಯಾವಾಗ, ಹೇಗೆ ಬರುತ್ತದೆ ಎಂಬುದೊಂದನ್ನು ಯಾರೂ ಹೇಳಿರುವುದಿಲ್ಲ.

ಮೊದಲ ಎರಡು ಮೂರು ದಿನ ಬರುವುದು ದಪ್ಪಗಿನ, ಹಳದಿ ಬಣ್ಣದ ಗಿಣ್ಣುಹಾಲು. ಹಸು ಕರು ಹಾಕಿದರೆ ಗಿಣ್ಣು ಮಾಡಿ ಓಣಿಗೆಲ್ಲ ಹಂಚುವ ನಮ್ಮ ಮನೆಗಳಲ್ಲೇ ಹೆಂಗಸಿನ ಮೊದಲ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುತ್ತಿದ್ದರು. ಈಗಲೂ ಚೆಲ್ಲುವವರಿದ್ದಾರೆ. ಮೊದಲ ದಿನ ಒಂದು ಸಲಕ್ಕೆ ಬರುವುದು ಚಮಚೆಯಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಆರೋಗ್ಯವಾಗಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಅವತ್ತು ಬೇಕಿರುವುದೂ ಅಷ್ಟೇ. ಸೋಂಕು ತಡೆಯುವ ಪ್ರತಿಕಾಯಗಳು, 'ಎ' ಜೀವಸತ್ವ ಅದರಲ್ಲಿ ದಟ್ಟವಾಗಿರುತ್ತವೆ. ಎದೆ ತುಂಬಿ ಹಾಲು ಬರಬೇಕಾದರೆ ಮೊದಲು ಮಾಸು ಕಳಚಿ ಬೀಳಬೇಕು. ಬಸಿರಿನುದ್ದಕ್ಕೂ ಹಾಲನ್ನು ತಡೆಹಿಡಿದಿದ್ದ ಪ್ರೊಜೆಸ್ಟರಾನ್ ಹಾರ್ಮೋನು ಆಮೇಲೆ ಇಳಿಯುತ್ತದೆ, ಹಾಲು ಕಟ್ಟಿಸುವ ಪ್ರೊಲ್ಯಾಕ್ಟಿನ್ ಕೆಲಸ ಶುರುಮಾಡುತ್ತದೆ. ಇದಕ್ಕೆ ಎರಡರಿಂದ ನಾಲ್ಕು ದಿನ ಬೇಕು. ಚೊಚ್ಚಲ ಹೆರಿಗೆಯಾದರೆ, ಸಿಸೇರಿಯನ್ ಆಗಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ರಕ್ತ ಬಹಳ ಹೋಗಿದ್ದರೆ ಇನ್ನೂ ತುಸು ತಡವಾಗಬಹುದು.

ಕೂಸು ಆ ರಾತ್ರಿ ಪದೇಪದೇ ಎದ್ದು ಚೀಪುವುದು ಹಾಲು ತರಿಸುವುದಕ್ಕೇ. ಎಷ್ಟು ಸಲ ಚೀಪುತ್ತದೋ ಅಷ್ಟು ಸಲ ತಾಯಿಯ ಮೆದುಳಿಗೆ ಸುದ್ದಿ ಹೋಗುತ್ತದೆ. ರಾತ್ರಿ ಹೊತ್ತು ಪ್ರೊಲ್ಯಾಕ್ಟಿನ್ ಮಟ್ಟ ಹೆಚ್ಚಿರುವುದರಿಂದ ರಾತ್ರಿಯ ಚೀಪುವಿಕೆಗೆ ಬೆಲೆಯೂ ಹೆಚ್ಚು. ಡಬ್ಬಿಹಾಲು ಕುಡಿದ ಕೂಸು ಮೂರು ನಾಲ್ಕು ಗಂಟೆ ಮಲಗಿಬಿಡುತ್ತದೆ. ಮನೆಯವರಿಗೆ ನೆಮ್ಮದಿ. ಆದರೆ ಅಷ್ಟು ಹೊತ್ತು ಎದೆಗೆ ಯಾವ ಬೇಡಿಕೆಯೂ ಹೋಗಿರುವುದಿಲ್ಲ. ಇದು ನಾಲ್ಕು ದಿನ ಹೀಗೇ ನಡೆದರೆ, ಸುಳ್ಳಾಗಿದ್ದ 'ಹಾಲಿಲ್ಲ' ಎಂಬ ಮಾತು ನಿಜವೇ ಆಗಿಬಿಡುತ್ತದೆ.

ಹಾಲು ಸಾಲುತ್ತಿದೆಯೇ ಎಂದು ಅಳುವಿನಿಂದ ಅಳೆಯಲಾಗದು. ಚಳಿಯಾದರೂ ಕೂಸು ಅಳುತ್ತದೆ, ಬಟ್ಟೆ ಒದ್ದೆಯಾದರೂ ಅಳುತ್ತದೆ, ಮೈಗೆ ಮೈ ತಾಗಿಸಿಕೊಂಡಿರಬೇಕೆಂದು ಸುಮ್ಮನೆಯೂ ಅಳುತ್ತದೆ. ನೋಡಬೇಕಿರುವುದು ಬಟ್ಟೆಯನ್ನು ಮತ್ತು ತಕ್ಕಡಿಯನ್ನು. ಐದನೆಯ ದಿನದಿಂದ ದಿನಕ್ಕೆ ಆರೇಳು ಸಲ ಉಚ್ಚೆ ಹೊಯ್ದರೆ, ಮಲ ಕಪ್ಪಿನಿಂದ ಹಳದಿಗೆ ತಿರುಗಿದ್ದರೆ, ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕ ಮರಳಿ ಬಂದಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಶೇ 10ಕ್ಕಿಂತ ಹೆಚ್ಚು ಇಳಿದರೆ, ಎಬ್ಬಿಸಿದರೂ ಏಳದಷ್ಟು ಕೂಸು ಮಂಕಾದರೆ, ಕಾಮಾಲೆಯ ಹಳದಿ ಅಂಗೈ ಅಂಗಾಲಿಗೂ ಹಬ್ಬಿದರೆ ಮಾತ್ರ ಒಂದು ಗಳಿಗೆಯೂ ಕಾಯಬಾರದು. ಮೇಲುಹಾಲು ಬೇಕೇ ಬೇಡವೇ ಎಂದು ಆಗ ವೈದ್ಯರು ತೀರ್ಮಾನಿಸಲಿ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು, ಆರು ತಿಂಗಳು ಎದೆಹಾಲೊಂದೇ ಸಾಕು, ಆಮೇಲೆ ಮೆತ್ತಗಿನ ಅನ್ನಾಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಆಚೆ ಹಾಲೂಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಎಷ್ಟು ಕೂಸುಗಳಿಗೆ ಆ ಮೊದಲ ಗಂಟೆಯ ಹಾಲು ಸಿಗುತ್ತಿದೆ? 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ 78.9 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. 2019–21ರ ಸಮೀಕ್ಷೆಯಲ್ಲಿ ಅದು ಶೇ 88.6ಕ್ಕೆ ಏರಿತು. ಮೊದಲ ಗಂಟೆಯಲ್ಲಿ ಹಾಲು ಕುಡಿದ ಕೂಸುಗಳ ಪ್ರಮಾಣ ಮಾತ್ರ ಶೇ 41.6 ಇದ್ದದ್ದು 41.8ಕ್ಕೆ ಬಂದು ನಿಂತಿತು. ಮನೆಯ ಕತ್ತಲ ಕೋಣೆಯಿಂದ ಹೆರಿಗೆ ಆಸ್ಪತ್ರೆಯ ಬೆಳಕಿಗೆ ಬಂದಿದೆ, ದಾದಿಯರು ವೈದ್ಯರು ಎದುರಿಗೇ ಇದ್ದಾರೆ, ಆದರೂ ಅರ್ಧಕ್ಕಿಂತ ಹೆಚ್ಚು ಕೂಸುಗಳು ಆ ಗಂಟೆಯನ್ನು ಕಳೆದುಕೊಳ್ಳುತ್ತಿವೆ. ಇದನ್ನು ತಾಯಂದಿರ ಅಜ್ಞಾನಕ್ಕೆ ಹಾಕಿ ಕೈ ತೊಳೆದುಕೊಳ್ಳುವುದು ಅನ್ಯಾಯ. ಸಿಸೇರಿಯನ್ ಹೆಚ್ಚಾಗಿದೆ. ಕೂಸನ್ನು ಒರೆಸಿ, ತೂಗಿ, ಸುತ್ತಿ ಹೊರಗಿದ್ದವರ ಕೈಗೆ ಕೊಡುತ್ತಾರೆ, ತಾಯಿ ವಾರ್ಡಿಗೆ ಬರುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ. ಬೆನ್ನಿಗೆ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿದಾಗ ತಾಯಿಗೆ ಎಚ್ಚರವಿರುತ್ತದೆ. ಒಬ್ಬ ದಾದಿ ಪಕ್ಕದಲ್ಲಿ ನಿಂತು ಹಿಡಿದುಕೊಂಡರೆ ಟೇಬಲ್ಲಿನ ಮೇಲೆಯೇ ಕೂಸನ್ನು ಎದೆಗಾನಿಸಬಹುದು. ಆ ಒಬ್ಬ ದಾದಿಗೆ ಅಷ್ಟು ಬಿಡುವು ಕೊಡುವುದು ಆಸ್ಪತ್ರೆಗಳ ಜವಾಬ್ದಾರಿ.

ಆ ನಡುವಿನ ಹೊತ್ತಿನಲ್ಲೇ ಹೊರಗೆ ಕಾದಿದ್ದವರು ಕೂಸಿನ ನಾಲಿಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಮುಟ್ಟಿಸುವುದು. ವರ್ಷ ತುಂಬದ ಮಗುವಿಗೆ ಜೇನು ಕೂಡದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನೇ ನಿಷ್ಕ್ರಿಯಗೊಳಿಸುವ ವಿಷ ಉಂಟುಮಾಡಬಲ್ಲವು. ಡಬ್ಬಿಹಾಲಿನ ವಿಷಯಕ್ಕೆ ನಮ್ಮಲ್ಲಿ 1992ರ ಕಾಯ್ದೆಯಿದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ, ತಾಯಂದಿರಿಗೆ ಬಿಟ್ಟಿ ಸ್ಯಾಂಪಲ್ ಹಂಚುವಂತಿಲ್ಲ.

ಹಾಲೂಡುವುದು ಹೆಣ್ಣಿಗೆ ಹುಟ್ಟಿನಿಂದಲೇ ಬಂದಿರುತ್ತದೆ ಎಂಬ ನಂಬಿಕೆ ಹೊಸ ತಾಯಂದಿರನ್ನು ಬಹಳ ನೋಯಿಸುತ್ತದೆ. ಅದು ಕಲಿಯಬೇಕಾದ ಕೆಲಸ, ತಾಯಿಯೂ ಕಲಿಯಬೇಕು, ಕೂಸೂ ಕಲಿಯಬೇಕು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಕತ್ತು ತಿರುಚಿರಬಾರದು, ಬಾಯಿ ಆಕಳಿಸುವಷ್ಟು ಅಗಲ ತೆರೆದಾಗ ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಬರೀ ತೊಟ್ಟನ್ನಷ್ಟೇ ಕಚ್ಚಿಕೊಂಡರೆ ಹಾಲೂ ಬರದು, ತೊಟ್ಟೂ ಒಡೆದು ರಕ್ತ ಬರುತ್ತದೆ. 'ಮೊದಮೊದಲು ಹಾಗೇ, ಸಹಿಸಿಕೋ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಸಹಿಸಿಕೊಳ್ಳುವುದರಿಂದ ಅದು ಸರಿಹೋಗುವುದಿಲ್ಲ, ಬಾಯಿ ಹಿಡಿಸುವ ರೀತಿ ಬದಲಿಸಿದರೆ ಸರಿಹೋಗುತ್ತದೆ. ಮೂರನೆಯ ನಾಲ್ಕನೆಯ ದಿನ ಹಾಲು ಒಮ್ಮೆಲೇ ನುಗ್ಗಿ ಎದೆ ಕಟ್ಟಿಕೊಂಡು ಕಲ್ಲಾದಾಗ ಸ್ವಲ್ಪ ಹಾಲು ಕೈಯಿಂದ ಹಿಂಡಿ ಮೆತ್ತಗೆ ಮಾಡಿಕೊಂಡು ಕೂಸಿಗೆ ಕೊಡಬೇಕು, ಆಮೇಲೆ ತಣ್ಣೀರ ಬಟ್ಟೆ ಇಟ್ಟುಕೊಳ್ಳಬೇಕು. ಒಂದು ಕಡೆ ಕೆಂಪಾಗಿ ಬಾತು, ನಡುಕ ಜ್ವರ ಬಂದರೆ ಅದು ಎದೆಬಾವು. ಔಷಧ ಬೇಕು, ಆದರೆ ಆ ಎದೆಯಿಂದ ಹಾಲು ಕೊಡುವುದನ್ನು ನಿಲ್ಲಿಸಬೇಕಿಲ್ಲ. ಇವನ್ನೆಲ್ಲ ಕಣ್ಣಾರೆ ನೋಡಿ, ಕೈಯಾರೆ ತಿದ್ದಿ ಕಲಿಸುವವರು ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೂ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಬಂದು ನೋಡಬೇಕೆಂಬ ನಿಯಮವಿದೆ. ಅವರು ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ, ಒಳಗೆ ಕರೆದು, ಹಾಲೂಡುವುದನ್ನು ತೋರಿಸಿ ಕೇಳಬೇಕು.

ಇಷ್ಟೆಲ್ಲ ಸರಿಹೋದರೂ ಒಂದು ಮಾತು ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ಮುಖ್ಯವಾದದ್ದು. ಪೂರ್ತಿ ಎದೆಹಾಲು ಕೊಡುವ ತಾಯಿಯ ಮೈ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ತಯಾರಿಸುತ್ತದೆ. ಮೊದಲ ಆರು ತಿಂಗಳು ಅವಳಿಗೆ ಎಂದಿನ ಊಟದ ಮೇಲೆ ಇನ್ನೂ 600 ಕಿಲೊಕ್ಯಾಲರಿಯಷ್ಟು ಆಹಾರ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಮಗುವಿಗೆ ಹಾಲು ಕೊಟ್ಟೆಯಾ ಎಂದು ಅವಳನ್ನು ಕೇಳುವವರು ಹತ್ತು ಜನ. ನಿನ್ನ ಊಟ ಆಯಿತಾ, ನಿದ್ದೆ ಆಯಿತಾ ಎಂದು ಕೇಳುವವರು?

ಬಾಣಂತನ ಎಂಬ ನಮ್ಮ ಏರ್ಪಾಡು ಇದ್ದದ್ದೇ ಇದನ್ನು ಕೇಳುವುದಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಮೂರು ತಿಂಗಳೋ ಐದು ತಿಂಗಳೋ ಅವಳು ಒಲೆ ಹತ್ತಿರ ಹೋಗುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಮೈಗೆಲ್ಲ ಎಣ್ಣೆ ನೀವಿ ಹಂಡೆಗಟ್ಟಲೆ ಬಿಸಿನೀರು ಎರೆದು, ತಲೆಗೆ ಸಾಂಬ್ರಾಣಿ ಹೊಗೆ ಕೊಟ್ಟು, ಹೊಟ್ಟೆಗೆ ಹಳೆ ಸೀರೆ ಬಿಗಿದು ಮಲಗಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಒಣಕೊಬ್ಬರಿ, ಉತ್ತತ್ತಿ ಹಾಕಿದ ಅಂಟಿನುಂಡಿ, ಅಳವಿ ಪಾಯಸ. ಹಳೆ ಮೈಸೂರು ಕಡೆ ಸಬ್ಬಸಿಗೆ ಸೊಪ್ಪು, ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ. ಕರಾವಳಿಯಲ್ಲಿ ಬಾಣಂತಿ ಲೇಹ್ಯ, ಕಷಾಯ. ನನಗೂ ಮಗುವಿಗೂ ನೀರು ಎರೆಯಲು ಬರುತ್ತಿದ್ದ ಅಜ್ಜಿ, ತಟ್ಟೆ ಖಾಲಿಯಾಗುವುದನ್ನು ಕಣ್ಣಾರೆ ನೋಡಿದ ಮೇಲೆಯೇ ತಮ್ಮ ಮನೆಗೆ ಹೊರಡುತ್ತಿದ್ದರು. ಅಂಟಿನುಂಡಿಯಿಂದ ಹಾಲು ಹೆಚ್ಚುತ್ತದೋ ಇಲ್ಲವೋ, ತುಪ್ಪ ಬೆಲ್ಲ ಕೊಬ್ಬರಿ ತಿಂದ ಬಾಣಂತಿಯ ಮೈಗೆ ಕಸುವು ಬರುವುದಂತೂ ಖಂಡಿತ. ಹಾಲು ಕೆಳಗಿಳಿಸುವ ಆಕ್ಸಿಟೋಸಿನ್ ನೋವಿಗೆ, ಹೆದರಿಕೆಗೆ ಹಿಂಜರಿಯುತ್ತದೆ, ನೆಮ್ಮದಿಗೆ ಸಲೀಸಾಗಿ ಹರಿಯುತ್ತದೆ. ಬೆನ್ನು ನೀವಿ ಮಲಗಿಸುವ ಕೈಗಳಿಗೆ ಆ ನೆಮ್ಮದಿ ಕೊಡುವ ಶಕ್ತಿಯಿತ್ತು.

ಅದೇ ಬಾಣಂತನದ ಇನ್ನೊಂದು ಮುಖ ಕಟ್ಟುಪಾಡಿನದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹಾಗಾಗಿ ನೀರಿಲ್ಲ. ಬಾಳೆಹಣ್ಣು, ಮೊಸರು ಶೀತ. ಬೇಳೆಕಾಳು ವಾಯು. ಬದನೆಕಾಯಿ, ಕುಂಬಳಕಾಯಿ ನಂಜು. ಹೀಗೆ ಒಂದೊಂದೇ ತೆಗೆಯುತ್ತಾ ಹೋಗಿ ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಬಿಳಿ ಅನ್ನ, ತುಪ್ಪ, ಮೆಣಸಿನ ಸಾರು. ಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ನೀರೇ ಇರುವಾಗ, ಹಾಲೂಡುವವಳಿಗೆ ನೀರು ನಿರಾಕರಿಸುವುದರಿಂದ ಆಗುವುದು ಮಲಬದ್ಧತೆ, ಉರಿಮೂತ್ರ, ತಲೆಸುತ್ತು.

ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಕತೆ ಇದಕ್ಕಿಂತ ಘೋರ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ಹೃದಯ ತಜ್ಞರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದುವರೆಗೆ ಚೆನ್ನಾಗಿಯೇ ಇದ್ದ, ಎದೆಹಾಲೊಂದನ್ನೇ ಕುಡಿಯುತ್ತಿದ್ದ ಕೆಲವೇ ತಿಂಗಳ ಕೂಸುಗಳು ಇದ್ದಕ್ಕಿದ್ದಂತೆ ಹಾಲು ಬಿಟ್ಟು, ಏದುಸಿರು ಬಿಡುತ್ತಾ ಆಸ್ಪತ್ರೆ ಸೇರುತ್ತಿದ್ದವು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ವಿಪರೀತ ಏರಿರುತ್ತಿತ್ತು. ಹೃದಯದ ರಚನೆಯಲ್ಲಿ ದೋಷವೇನೂ ಇರಲಿಲ್ಲ. ಆ ಕೂಸುಗಳಿಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಚುಚ್ಚುಮದ್ದಿನ ಮೂಲಕ ಕೊಟ್ಟಾಗ ಬೇಗನೆ ಚೇತರಿಸಿಕೊಂಡವು. ತಾಯಂದಿರ ಊಟ ವಿಚಾರಿಸಿದರೆ ಪಾಲಿಶ್ ಅಕ್ಕಿಯ ಅನ್ನ ಮತ್ತು ಬಾಣಂತಿ ಪಥ್ಯ. ತೌಡಿನ ಜೊತೆ ಹೋಗಿಬಿಡುವ ಆ ಜೀವಸತ್ವ ತಾಯಿಯ ಮೈಯಲ್ಲಿಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ. ಕೂಸಿಗೆ ಶೀತವಾದೀತೆಂದು ತಾಯಿಯ ತಟ್ಟೆಯಿಂದ ತೆಗೆದಿಟ್ಟ ಕಾಳು, ಸೊಪ್ಪು, ಹಣ್ಣು ಆ ಕೂಸಿನ ಪಾಲಿನದ್ದೇ ಆಗಿತ್ತು. ರಾಗಿ, ಜೋಳ, ಹೆಸರುಕಾಳು, ಶೇಂಗಾ ಇರುವ ನಮ್ಮ ನಾಡಿನಲ್ಲಿ ಹೀಗಾಗಬೇಕೇ? ಈ ಒಂದು ವಿಷಯವನ್ನು ಪ್ರತಿ ಅಂಗನವಾಡಿಯಲ್ಲೂ, ಪ್ರತಿ ಸೀಮಂತದ ಮನೆಯಲ್ಲೂ ಹೇಳಬೇಕೆಂದು ನಾನು ಕೈಮುಗಿದು ಕೇಳುತ್ತೇನೆ.

ಕಿಟಕಿ ಬಾಗಿಲು ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡುವ ರೂಢಿಯೂ ಹೋಗಬೇಕು. ಮುಚ್ಚಿದ ಕೋಣೆಯ ಇದ್ದಿಲ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ತಾಯಿ ಮಗು ಇಬ್ಬರಿಗೂ ಅಪಾಯ. ಅಜ್ಜಿಯಂದಿರ ಜೊತೆ ಜಗಳ ಕಾಯದೆಯೂ ಇದನ್ನೆಲ್ಲ ಬಿಡಿಸಬಹುದು. ಎಣ್ಣೆ ನೀರು ಇರಲಿ, ಅಂಟಿನುಂಡಿ ಇರಲಿ, ಅದರ ಜೊತೆಗೆ ಒಂದು ಚೊಂಬು ಕಾಯಿಸಿದ ನೀರು, ಒಂದು ಬಟ್ಟಲು ಬೇಳೆ ಇರಲಿ ಎಂದರೆ ಯಾವ ಅಜ್ಜಿಯ ಮನಸ್ಸೂ ನೋಯುವುದಿಲ್ಲ.

ಮನಸ್ಸಿನ ಮಾತಿಗೆ ಬರೋಣ. ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬರುವುದು ಬಹಳಷ್ಟು ತಾಯಂದಿರಿಗೆ ಆಗುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ, ಮಗು ಮಲಗಿದರೂ ತನಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಗುವಿನ ಮೇಲೆ ಮನಸ್ಸೇ ಹೋಗದಿದ್ದರೆ, 'ನಾನಿಲ್ಲದಿದ್ದರೆ ಇವರೆಲ್ಲ ಚೆನ್ನಾಗಿರುತ್ತಾರೆ' ಎನಿಸತೊಡಗಿದರೆ ಅದು ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ನೂರರಲ್ಲಿ 22 ತಾಯಂದಿರಿಗೆ ಹೆರಿಗೆಯ ನಂತರ ಖಿನ್ನತೆ ಕಾಡುತ್ತದೆ. ಅಂದರೆ ಹತ್ತು ಬಾಣಂತಿಯರಲ್ಲಿ ಇಬ್ಬರು. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಕಾರಣಗಳನ್ನೂ ಗುರುತಿಸಿತ್ತು: ಬಡತನ, ಗಂಡನ ಹೊಡೆತ, ಗಂಡುಮಗು ಬಯಸಿದ ಮನೆಯಲ್ಲಿ ಹೆಣ್ಣು ಹುಟ್ಟಿದ್ದು. ಇವುಗಳಲ್ಲಿ ಒಂದಾದರೂ ಆ ಹೆಂಗಸಿನ ತಪ್ಪೇ?

ತಾಯಿ ಮಗುವನ್ನು ಬೇರೆ ಮಾಡದೆ ಒಟ್ಟಿಗೇ ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. 2009ರಲ್ಲಿ ಅದು ಶುರುವಾದಾಗ ದೇಶದಲ್ಲೇ ಮೊದಲನೆಯದು. ಹಾಲೂಡುವವರು ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ಮಾತ್ರೆ ಶುರುವಾದರೆ ಹಾಲು ಬಿಡಿಸಬೇಕಾಗುತ್ತದೆಂಬ ಹೆದರಿಕೆಗೆ ವೈದ್ಯರನ್ನು ಕಾಣದೆ ಕೂರುವುದು ಬೇಡ. 14416 ಟೆಲಿ ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವನ್ನೋ ತನ್ನನ್ನೋ ಏನಾದರೂ ಮಾಡಿಕೊಂಡೇನು ಎಂಬ ಯೋಚನೆ ಬಂದರೆ, ಇಲ್ಲದ ದನಿಗಳು ಕೇಳಿಸಿದರೆ, ಅದು ಗಾಳಿ ಚೇಷ್ಟೆಯಲ್ಲ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲ ಪ್ರಯತ್ನದ ನಂತರವೂ ಹಾಲು ಸಾಲದ ತಾಯಂದಿರಿದ್ದಾರೆ. ಕೆಲವು ಔಷಧಗಳು, ಎದೆಯ ಶಸ್ತ್ರಚಿಕಿತ್ಸೆ, ಹಾರ್ಮೋನಿನ ತೊಂದರೆಗಳು ನಿಜವಾದ ಕಾರಣಗಳು. ಅಂಥವರಿಗೆ ಡಬ್ಬಿಹಾಲು ಆಸರೆ, ಅವರ ತಾಯ್ತನದಲ್ಲಿ ಕೊರತೆಯೇನಿಲ್ಲ. ದಿನ ತುಂಬದೆ ಹುಟ್ಟಿ ಐ.ಸಿ.ಯು.ನಲ್ಲಿರುವ ಕೂಸುಗಳಿಗಾಗಿ ಎದೆಹಾಲಿನ ಬ್ಯಾಂಕುಗಳಿವೆ. ಏಷ್ಯಾದ ಮೊದಲ ಬ್ಯಾಂಕನ್ನು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಬೆಂಗಳೂರಿನ ಸರ್ಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 'ಅಮೃತಧಾರೆ' 2022ರಲ್ಲಿ ತೆರೆಯಿತು. ದಾನಿ ತಾಯಂದಿರ ರಕ್ತ ತಪಾಸಣೆ ಮಾಡಿ, ಹಾಲನ್ನು 62.5 ಡಿಗ್ರಿ ಉಷ್ಣತೆಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷಿಸಿ, ಆಮೇಲೆ ಕೂಸಿಗೆ ಕೊಡುತ್ತಾರೆ. ಜಿಲ್ಲೆಗೊಂದಾದರೂ ಇಂಥದ್ದು ಬೇಕು.

ಬಾಣಂತನ ಮುಗಿಸಿ ತವರಿನಿಂದ ಹೊರಡುವ ದಿನದ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಆವರೆಗೆ ಅಮ್ಮ, ಚಿಕ್ಕಮ್ಮ, ನೀರೆರೆಯುವ ಅಜ್ಜಿ ಹಂಚಿಕೊಂಡಿದ್ದ ಕೆಲಸವೆಲ್ಲ ಆ ಒಂದೇ ದಿನ ಅವಳೊಬ್ಬಳ ತಲೆಗೆ ಬರುತ್ತದೆ. ರಾತ್ರಿ ಮೂರು ಸಲ ಎದ್ದವಳು ಬೆಳಗ್ಗೆ ತಿಂಡಿಗೆ ನಿಲ್ಲಬೇಕು. ಕೂಸಿಗೆ ಗಂಡ ಹಾಲು ಕೊಡಲಾರ, ನಿಜ. ಆದರೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲ ಮೇಲೆ ಹಾಕಿ ಮಲಗಿಸುವುದು, ಬೆಳಗಿನ ಅಡುಗೆ, ಬಂದುಹೋಗುವ ನೆಂಟರನ್ನು ನಯವಾಗಿ ಬೇಗ ಕಳಿಸುವುದು, ಇವಷ್ಟನ್ನೂ ಅವನು ಮಾಡಬಹುದು. ಮಾಡುವವರನ್ನು ನಾನು ಕಂಡಿದ್ದೇನೆ. ಅಂಥ ಮನೆಯ ತಾಯಿಯ ಮುಖದಲ್ಲಿ ಅದು ಕಾಣುತ್ತದೆ.

ನೌಕರಿಯಲ್ಲಿರುವವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳದ ರಜೆ ತಂದುಕೊಟ್ಟಿತು. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಕೂಸು ನೋಡಿಕೊಳ್ಳುವ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಲು ದಿನಕ್ಕೆ ಎರಡು ಬಿಡುವು ಎಂಬುದು 1961ರ ಮೂಲ ಕಾಯ್ದೆಯಲ್ಲೇ ಇದ್ದ ಮಾತು. ಕೆಲಸಕ್ಕೆ ಮರಳುವವರು ಹಾಲು ಹಿಂಡಿ ಶುದ್ಧವಾದ ಪಾತ್ರೆಯಲ್ಲಿಟ್ಟರೆ ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಕೆಡದೆ ಉಳಿಯುತ್ತದೆ. ಆದರೆ ಹಿಂಡಿಕೊಳ್ಳಲು ಜಾಗ ಬೇಕಲ್ಲ! ಎಷ್ಟೋ ಕಚೇರಿಗಳಲ್ಲಿ ಅದಕ್ಕೆ ಉಳಿದಿರುವುದು ಶೌಚಾಲಯ ಒಂದೇ. ಉಣ್ಣುವ ಅನ್ನವನ್ನು ಅಲ್ಲಿ ತಯಾರಿಸು ಎಂದು ಯಾರಿಗೂ ಹೇಳುವುದಿಲ್ಲ, ಕೂಸಿನ ಅನ್ನವನ್ನು ಮಾತ್ರ ಹೇಳುತ್ತೇವೆ.

ಇಷ್ಟಾದರೂ ಇವರಿಗೆ ಕಾನೂನಿನ ಆಸರೆಯಿದೆ. ಕಳೆ ಕೀಳುವ, ಇಟ್ಟಿಗೆ ಹೊರುವ, ಮನೆಗೆಲಸ ಮಾಡುವ ಹೆಂಗಸಿಗೆ 26 ವಾರಗಳ ರಜೆ ಕೊಡುವವರಿಲ್ಲ. ಅವಳಿಗಿರುವುದು ಪ್ರಧಾನ ಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಕಂತುಗಳಲ್ಲಿ ಬರುವ 5,000 ರೂಪಾಯಿ. ನಮ್ಮ ರಾಜ್ಯದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ, ಹಾಲು, ಮೊಟ್ಟೆ ಇದೆ. ಒಳ್ಳೆಯ ಯೋಜನೆ. ಆದರೆ ಹಸಿ ಬಾಣಂತಿ ಬಿಸಿಲಲ್ಲಿ ಕೂಸು ಎತ್ತಿಕೊಂಡು ನಡೆದು ಹೋಗಿ ಉಣ್ಣಬೇಕೆಂದಾಗ ಎಷ್ಟೋ ಜನ ಮನೆಯಲ್ಲೇ ಉಳಿದರು. ನರೇಗಾ ಕೂಲಿಕಾರರ ಮಕ್ಕಳಿಗೆಂದು 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಣೆಯಾಯಿತು. ಅಲ್ಲಿಗೆ ಕೂಸನ್ನು ಸೇರಿಸಿಕೊಳ್ಳುವುದು ಆರು ತಿಂಗಳು ತುಂಬಿದ ಮೇಲೆ. ಎದೆಹಾಲೊಂದೇ ಕೊಡಿ ಎಂದು ಗೋಡೆಗೋಡೆಯ ಮೇಲೆ ಬರೆಸುವುದು ಅದಕ್ಕೂ ಮುಂಚಿನ ಆರು ತಿಂಗಳ ಬಗ್ಗೆ. ಆ ಆರು ತಿಂಗಳ ಕೂಲಿಯನ್ನು ಅವಳ ಖಾತೆಗೆ ಹಾಕಿದರೆ ಅವಳು ಮನೆಯಲ್ಲಿ ಕೂತು ಹಾಲೂಡುತ್ತಾಳೆ. ಈಗ ತಿಂಗಳೆರಡು ತಿಂಗಳಿಗೇ ಕೂಸನ್ನು ಅಜ್ಜಿಯ ಕೈಗೋ ಐದಾರು ವರ್ಷದ ಅಕ್ಕನ ಕೈಗೋ ಕೊಟ್ಟು ಹೊಲಕ್ಕೆ ಹೋಗುತ್ತಾಳೆ, ಸಂಜೆವರೆಗೆ ಎದೆ ಸೋರಿ ಕುಪ್ಪಸ ಒದ್ದೆಯಾಗುತ್ತಿದ್ದರೂ ಕೆಲಸ ಬಿಟ್ಟು ಬರುವಂತಿಲ್ಲ.